ಅ ಪಟ್ಟಿ, ಬ ಪಟ್ಟಿ

ಭಾನುವಾರ, ತಿಂಡಿಯಾದ ಮೇಲೆ

ಮೇಷ್ಟ್ರಮ್ಮನವರಿಗೆ ಕುಂಚಪ್ಪ ಮಾಡುವ ನಮಸ್ಕಾರ.

ಕಾಗದ ಕಂಡು ಹುಬ್ಬೇರಿಸಬೇಡ. ನೀನು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿರುವ ಮೊದಲ ಕಾಗದ, ಅದೂ ಕೆಲಸದ ವಿಷಯಕ್ಕೆ. ಬೇರೆ ಏನೂ ಇಲ್ಲ. ನಾನು ಚೆನ್ನಾಗಿದ್ದೇನೆ. ಅಡುಗೆ ತಳ ಹಿಡಿಯದಂತೆ ನೋಡಿಕೊಳ್ಳುವುದನ್ನು ಕಲಿತಿದ್ದೇನೆ. ಅಂಗಡಿಯ ಬಾಗಿಲನ್ನು ಹೊತ್ತಿಗೆ ಸರಿಯಾಗಿ ತೆಗೆಯುತ್ತೇನೆ, ಕುಂಚಗಳನ್ನು ತೊಳೆದೇ ಮಲಗುತ್ತೇನೆ. ನೀನು ನಿಮ್ಮಕ್ಕನ ಊರಿನ ಪ್ರೆಸ್ಸಿನಲ್ಲಿ ಅಚ್ಚಿನ ತಪ್ಪು ತಿದ್ದುವ ಕೆಲಸಕ್ಕೆ ಸೇರಿದ್ದು ಗೊತ್ತಾಯಿತು. ಆ ಪ್ರೆಸ್ಸಿನವರನ್ನು ನೆನೆದು ಅಯ್ಯೋ ಪಾಪ ಅನ್ನಿಸಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಪ್ಪತ್ತೆರಡು ವರ್ಷ ನನ್ನ ಬೋರ್ಡುಗಳ ತಪ್ಪು ತಿದ್ದಿದ ಆ ಕೆಂಪು ಪೆನ್ಸಿಲ್ ನನ್ನೊಬ್ಬನ ಸೊತ್ತಾಗಿತ್ತು.

ವಿಷಯಕ್ಕೆ ಬರುತ್ತೇನೆ. ಸೇತುವೆ ಪಕ್ಕದ ಶಾಲೆ ನಿನಗೆ ಗೊತ್ತಲ್ಲ, ಅಲ್ಲಿನ ಮುಖ್ಯೋಪಾಧ್ಯಾಯಿನಿ ರಜೆಯಲ್ಲಿ ನನ್ನನ್ನು ಕರೆಸಿದರು. ಮಹಡಿಯ ಉದ್ದ ಗೋಡೆಯ ಮೇಲೆ ಇಪ್ಪತ್ತು ಇಂಗ್ಲಿಷ್ ಗಾದೆ ಬರೆಯಬೇಕು, ಪ್ರತಿಯೊಂದರ ಕೆಳಗೆ ನಮ್ಮ ಭಾಷೆಯಲ್ಲಿ ಅದರ ಅರ್ಥ ಇರಬೇಕು, ಪಕ್ಕದಲ್ಲೊಂದು ಚಿತ್ರ ಇರಬೇಕು ಎಂದರು. ಪಟ್ಟಿಯನ್ನು ಗುಮಾಸ್ತರಿಂದ ಇಸಿದುಕೊಳ್ಳಿ ಎಂದು ಹೇಳಿ ಹೋದರು. ಗುಮಾಸ್ತರು ಕಪಾಟಿನಲ್ಲಿ ಕೈಯಾಡಿಸಿ, ಮೇಲ್ಭಾಗ ಹರಿದ ಒಂದು ಹಾಳೆ ಕೊಟ್ಟರು. ಎಡಗಡೆ ಇಪ್ಪತ್ತು ಸಾಲು ಇಂಗ್ಲಿಷ್, ಮೇಲೆ ‘ಅ ಪಟ್ಟಿ’ ಎಂದಿತ್ತು. ಬಲಗಡೆ ನಮ್ಮ ಭಾಷೆಯಲ್ಲಿ ಇಪ್ಪತ್ತು ಸಾಲು, ಅದರ ಮೇಲೆ ‘ಬ ಪಟ್ಟಿ’.

ನೀನು ಈಗಲೇ ನಗುತ್ತಿದ್ದೀಯ ಎಂದು ಬಲ್ಲೆ. ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ನಾನು ಶಾಲೆ ಬಿಟ್ಟದ್ದು ಮೂರನೆಯ ತರಗತಿಗೆ, ಪರೀಕ್ಷೆಯಲ್ಲಿ ಇಂಥ ಪಟ್ಟಿ ಕೊಡುತ್ತಾರೆ ಎಂಬುದು ನನಗೇನು ಗೊತ್ತು? ಇಂಗ್ಲಿಷ್ ಅಕ್ಷರ ನನ್ನ ಪಾಲಿಗೆ ಬರೀ ಗೆರೆ. ಎಲ್ಲಿ ಬಾಗಬೇಕು, ಎಲ್ಲಿ ದಪ್ಪವಾಗಬೇಕು ಎಂದು ಕೈಗೆ ಗೊತ್ತು, ಅದು ಏನು ಹೇಳುತ್ತದೆ ಎಂಬುದು ನಿನಗೆ ಗೊತ್ತಿರುತ್ತಿತ್ತು. ಅಷ್ಟರಲ್ಲೇ ನಮ್ಮ ಸಂಸಾರ ನಡೆದಿತ್ತು. ಈಗ ಓದಿ ಹೇಳುವವರಿಲ್ಲ. ಸೀಮೆಸುಣ್ಣ ಉಜ್ಜಿದ ದಾರದ ಆ ತುದಿಯನ್ನು ಮೊಳೆಗೆ ಕಟ್ಟಿ, ಈ ತುದಿಯನ್ನು ನಾನು ಹಿಡಿದು, ಒಬ್ಬನೇ ಗೆರೆ ಹೊಡೆದೆ. ಎಡಗಡೆಯ ಮೊದಲ ಸಾಲಿನ ಕೆಳಗೆ ಬಲಗಡೆಯ ಮೊದಲ ಸಾಲು, ಎರಡನೆಯದರ ಕೆಳಗೆ ಎರಡನೆಯದು. ಹೀಗೆ ಹದಿನೇಳು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದೆ. ಒಂದು ಅಕ್ಷರವೂ ಸೊಟ್ಟಗಿಲ್ಲ, ನಿನ್ನಾಣೆ.

ಸಿಕ್ಕಿಬಿದ್ದದ್ದು ಪರೀಕ್ಷೆಯಲ್ಲಿ. ಅದೇ ಇಪ್ಪತ್ತು ಗಾದೆಗಳಿಗೆ ಅರ್ಥ ಬರೆಯಲು ಆರನೆಯ ತರಗತಿಗೆ ಕೊಟ್ಟಿದ್ದರು. ಮೂವತ್ತನಾಲ್ಕು ಮಕ್ಕಳು, ಮೂವತ್ತನಾಲ್ಕು ಜನರದ್ದೂ ಒಂದೇ ಉತ್ತರ, ಒಂದೂ ಸರಿಯಿಲ್ಲ. ನಕಲು ಹೊಡೆದಿದ್ದಾರೆ ಎಂದು ಅವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮತ್ತೆ ಬರೆಸಿದರಂತೆ. ಮತ್ತೂ ಅದೇ. ಕೊನೆಗೆ ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತು, ನಮ್ದೇನ್ ತಪ್ಪು ಮಿಸ್, ಗೋಡೆ ಮೇಲೆ ಹಾಗೇ ಇದೆಯಲ್ಲ ಅಂದಳಂತೆ. ಶಾಲೆಗೆ ಶಾಲೆಯೇ ಮಹಡಿ ಹತ್ತಿತು. ನನಗೆ ಕರೆ ಬಂತು.

ಮುಖ್ಯೋಪಾಧ್ಯಾಯಿನಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಏನ್ರೀ, ಹೊಂದಿಸಿ ಬರೀರಿ ಅಂತ ಮಕ್ಕಳಿಗೆ ಕೊಡೋ ಪ್ರಶ್ನೆಪತ್ರಿಕೇನ ಹಾಗ್‌ಹಾಗೇ ಗೋಡೆಗೆ ಇಳಿಸಿಬಿಟ್ಟಿದ್ದೀರಲ್ರೀ ಅಂದರು. ನಾನು ಗುಮಾಸ್ತರ ಕಡೆ ತಿರುಗಿದೆ. ಗುಮಾಸ್ತರು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು.

ಆಮೇಲೆ ಮುಖ್ಯೋಪಾಧ್ಯಾಯಿನಿ ಒಂದೊಂದಾಗಿ ಓದಿ ಹೇಳುತ್ತಾ ಹೋದರು. ಬೆಳಗ್ಗೆ ಬೇಗ ಏಳುವ ಹಕ್ಕಿಯ ವಿಷಯದ ಗಾದೆಯ ಕೆಳಗೆ, ಹೊರಗಿನ ಚಂದ ನೋಡಿ ಬೆಲೆ ಕಟ್ಟಬಾರದು ಎಂಬ ಅರ್ಥ ಕೂತಿದೆ. ಅಡುಗೆಯವರು ಜಾಸ್ತಿಯಾದರೆ ಏನಾಗುತ್ತದೆ ಎಂಬುದರ ಕೆಳಗೆ, ದೊಡ್ಡ ಕೆಲಸಕ್ಕೆ ದಿನ ಹಿಡಿಯುತ್ತದೆ ಎಂದಿದೆ. ಇನ್ನೊಂದು, ದೂರ ಇದ್ದಾಗ ಪ್ರೀತಿ ಹೆಚ್ಚುತ್ತದೆ ಎಂಬುದಂತೆ. ಅದರ ಕೆಳಗೆ ನಾನು, ಸಣ್ಣದಿರುವಾಗಲೇ ರಿಪೇರಿ ಮಾಡದಿದ್ದರೆ ಆಮೇಲೆ ಕಷ್ಟ ಎಂದು ಕಡುನೀಲಿಯಲ್ಲಿ ಬರೆದಿದ್ದೇನೆ. ಅದನ್ನು ಕೇಳಿ ನಾನು ತಲೆ ತಗ್ಗಿಸಿದೆ. ಅವರು ಅದನ್ನು ತಪ್ಪು ಎಂದರು, ನನಗೆ ಅಷ್ಟೇನೂ ತಪ್ಪು ಅನ್ನಿಸಲಿಲ್ಲ.

ಏಳನೆಯದರ ಹತ್ತಿರ ಬಂದಾಗ ಎರಡು ಜಡೆಯವಳು ಬಿಡಲಿಲ್ಲ. ಅದು ಉರುಳುತ್ತಲೇ ಇರುವ ಕಲ್ಲಿನ ಗಾದೆ. ಒಂದು ಕಡೆ ನೆಲೆ ನಿಲ್ಲದವನಿಗೆ ಏನೂ ಕೂಡಿಬರುವುದಿಲ್ಲ ಎಂಬುದು ಅದರ ನಿಜವಾದ ಅರ್ಥವಂತೆ. ನಾನು ಬರೆದದ್ದು, ಹಂಚಿಕೊಂಡು ಮಾಡಿದರೆ ಕೆಲಸದ ಭಾರ ತಿಳಿಯುವುದಿಲ್ಲ ಎಂದು. ಆ ಹುಡುಗಿ ಹೇಳಿದ್ದು ಕೇಳು. ಕಲ್ಲು ತಾನಾಗೇ ಉರುಳುತ್ತಾ ಮಿಸ್, ಯಾರಾದ್ರೂ ಜೊತೆಗೆ ತಳ್ಳಬೇಕು ತಾನೇ, ಅದಕ್ಕೇ ಹಂಗ್ ಬರ್ದಿರೋದು ಅಂದಳು. ಮುಖ್ಯೋಪಾಧ್ಯಾಯಿನಿ ಸಿಟ್ಟು ಮಾಡಲು ಹೋಗಿ ನಕ್ಕುಬಿಟ್ಟರು. ಅವರು ನಕ್ಕಾಗ ಮಕ್ಕಳೂ ನಕ್ಕರು, ನಾನೂ ಉಸಿರು ಬಿಟ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಚಿತ್ರಗಳನ್ನು ನಾನು ಅರ್ಥ ನೋಡಿ ಬರೆದಿದ್ದೆನಲ್ಲ, ಏಳನೆಯದಕ್ಕೆ ಬೋರ್ಡ್ ಬರೆಯುವವನನ್ನೇ ಹಾಕಿದ್ದೆ. ಏಣಿಯ ಮೇಲೆ ಕುಂಚ ಹಿಡಿದ ಒಬ್ಬ ಗಂಡಸು, ಕೆಳಗೆ ಏಣಿ ಹಿಡಿದ ಒಬ್ಬ ಹೆಂಗಸು. ಹುಡುಗಿ ಅದನ್ನು ತೋರಿಸಿ, ಅಂಕಲ್, ಮೇಲಿರೋರಿಗೆ ಮೀಸೆ ಎಲ್ಲಾ ಬರ್ದಿದ್ದೀರ, ಕೆಳಗಿರೋರಿಗೆ ಮುಖಾನೇ ಯಾಕಿಲ್ಲ ಎಂದು ಕೇಳಿದಳು.

ನೋಡಿದೆ. ನಿಜವಾಗಿಯೂ ಇರಲಿಲ್ಲ. ಬೆನ್ನು, ಹೆರಳು, ಏಣಿಯನ್ನು ಬಿಗಿಹಿಡಿದ ಎರಡು ಕೈ, ಅಷ್ಟೇ. ಮೀಸೆಗೆ ಅರ್ಧ ದಿನ ಹಿಡಿದಿತ್ತು. ಬಣ್ಣ ಮುಗಿದಿತ್ತಮ್ಮ ಎಂದು ಏನೋ ಸುಳ್ಳು ಹೇಳಿ ಮೆಟ್ಟಿಲಿಳಿದೆ.

ನೀನು ಹೋದ ದಿನದ ಮಾತು ಎತ್ತಬಾರದು ಎಂದುಕೊಂಡೇ ಕಾಗದ ಶುರು ಮಾಡಿದ್ದೆ. ಎತ್ತದೆ ಇರಲು ಆಗುತ್ತಿಲ್ಲ. ಅಂಗಡಿಯ ಬೋರ್ಡಿಗೆ ಹೊಸದಾಗಿ ಬರೆಯುವ ದಿನ, ನನ್ನ ಹೆಸರಿನ ಪಕ್ಕ ನಿನ್ನದೂ ಇರಲಿ, ಸಣ್ಣ ಅಕ್ಷರದಲ್ಲಾದರೂ ಸರಿ ಅಂದೆ ನೀನು. ಗಿರಾಕಿಗಳು ನಾಲ್ಕು ಜನ ನಿಂತಿದ್ದರು. ಏಣಿ ಹಿಡಿಯೋರ ಹೆಸರೆಲ್ಲ ಹಾಕ್ತಾ ಹೋದ್ರೆ ಅಂಗಡಿ ಹೆಸರಿಗೆ ಜಾಗ ಎಲ್ಲಿ ಅಂತ ನಾನು ಮೇಲಿನಿಂದ ನಗಾಡಿದೆ. ಅವರೂ ನಕ್ಕರು. ನೀನು ಏಣಿ ಬಿಡಲಿಲ್ಲ. ನಾನು ಬರೆದು ಮುಗಿಸಿ ಇಳಿಯುವವರೆಗೂ ಹಿಡಿದೇ ಇದ್ದೆ. ಆಮೇಲೆ ನೀನು ಕೈ ತೊಳೆದುಕೊಂಡು ಒಳಗೆ ಹೋಗಿ ಬಟ್ಟೆ ಕಟ್ಟಿಕೊಂಡು ಹೊರಟೆ. ನಾನು ಎರಡು ದಿನದಲ್ಲಿ ಸಿಟ್ಟು ಇಳಿಯುತ್ತದೆ ಎಂದುಕೊಂಡೆ. ಎಷ್ಟು ದಡ್ಡ ನೋಡು, ಅದು ಸಿಟ್ಟು ಎಂದೇ ತಿಳಿದಿದ್ದೆ.

ತಪ್ಪಾಯಿತು. ಈ ಒಂದು ಪದ ಬರೆಯುವ ಮುಂಚೆ ಎದ್ದು ಹೋಗಿ ನೀರು ಕುಡಿದು ಬಂದೆ. ಬೋರ್ಡಿನ ಮೇಲೆ ಇದಕ್ಕಿಂತ ಉದ್ದದ್ದನ್ನು ಉಸಿರು ಬಿಡದೆ ಬರೆದಿದ್ದೇನೆ.

ಈಗ ಕೆಲಸದ ಮಾತು. ಹತ್ತು ದಿನದೊಳಗೆ ಗೋಡೆ ಸರಿಯಾಗದಿದ್ದರೆ ಅದಕ್ಕೆ ಸುಣ್ಣ ಬಳಿಸಿ, ಮೆಷಿನ್ನಿನಲ್ಲಿ ಅಚ್ಚಾದ ಹಾಳೆ ಅಂಟಿಸುತ್ತೇನೆ ಎಂದು ಮುಖ್ಯೋಪಾಧ್ಯಾಯಿನಿ ಖಡಾಖಂಡಿತವಾಗಿ ಹೇಳಿದ್ದಾರೆ. ಯಾವ ಗಾದೆಗೆ ಯಾವ ಅರ್ಥ ಎಂದು ಪಕ್ಕದಲ್ಲಿ ನಿಂತು ಓದಿ ಹೇಳುವವರನ್ನು ನೀವೇ ಕರೆತನ್ನಿ, ನನಗೆ ಪುರಸೊತ್ತಿಲ್ಲ ಅಂದಿದ್ದಾರೆ. ನನಗೆ ಗೊತ್ತಿರುವ ಮೇಷ್ಟ್ರಮ್ಮ ಒಬ್ಬಳೇ. ಪ್ರೆಸ್ಸಿನವರು ನಾಲ್ಕು ದಿನ ರಜೆ ಕೊಟ್ಟರೆ ಗುರುವಾರದ ಬಸ್ಸಿಗೆ ಬಾ. ನಾನು ನಿಲ್ದಾಣದಲ್ಲಿರುತ್ತೇನೆ. ಕೆಂಪು ಪೆನ್ಸಿಲ್ ತರುವುದನ್ನು ಮರೆಯಬೇಡ. ನಿಮ್ಮಕ್ಕನಿಗೆ ನಮಸ್ಕಾರ ತಿಳಿಸು. ಅವರು ನನ್ನನ್ನು ಬೈದರೆ ಅರ್ಧಕ್ಕೆ ತಡೆಯಬೇಡ, ಪೂರ್ತಿ ಬೈಯಲಿ.

ಇತಿ,
ನಿನ್ನ ಕುಂಚಪ್ಪ

ಮರೆತ ಮಾತು: ಅಂಟು ಹಚ್ಚುವ ಮುಂಚೆ ಲಕೋಟೆಯನ್ನು ಮತ್ತೆ ತೆರೆದೆ. ಮೇಲೆ ಕೆಲಸದ ಮಾತು ಎಂದು ಗೋಡೆಯ ವಿಷಯ ಬರೆದದ್ದು ಪೂರಾ ಸುಳ್ಳು, ತಪ್ಪು ತಿದ್ದುವವಳಿಗೆ ಅದನ್ನು ಹಾಗೇ ಕಳಿಸಲು ಮನಸ್ಸು ಒಪ್ಪಲಿಲ್ಲ. ಸರಿಯಾದ ಜೋಡಿಗಳನ್ನೆಲ್ಲ ಮುಖ್ಯೋಪಾಧ್ಯಾಯಿನಿ ಹೋದ ವಾರವೇ ತಮ್ಮ ಕೈಯಲ್ಲಿ ಬರೆದುಕೊಟ್ಟರು. ಹತ್ತೊಂಬತ್ತನ್ನು ನಿನ್ನೆ ತಿದ್ದಿ ಮುಗಿಸಿದೆ. ಏಳನೆಯದನ್ನು ಹುಡುಗಿ ಹೇಳಿದ ಹಾಗೇ ಬಿಡಿ ಎಂದು ಅವರೇ ಹೇಳಿದರು. ಅದರ ಚಿತ್ರದಲ್ಲಿ ಕೆಳಗಿನವಳು ಈಗ ಈ ಕಡೆ ತಿರುಗಿದ್ದಾಳೆ, ಕನ್ನಡಕ ಹಾಕಿದ್ದಾಳೆ. ಸುಣ್ಣ ಬಳಿಯುವ ಮಾತು ಯಾರೂ ಆಡಲಿಲ್ಲ. ಕೆಲಸದ ನೆಪವಿಲ್ಲದೆ ನಿನ್ನನ್ನು ಕರೆಯಲು ನನಗೆ ಬಾಯಿ ಬರಲಿಲ್ಲ, ಅಷ್ಟೇ. ಆದರೂ ಒಂದು ಕೆಲಸ ನಿಜವಾಗಿಯೂ ಬಾಕಿ ಇದೆ. ಅಂಗಡಿಗೆ ಹೊಸ ಬೋರ್ಡ್ ಬರೆದಿದ್ದೇನೆ, ಎರಡು ಹೆಸರು, ಒಂದೇ ಅಳತೆಯ ಅಕ್ಷರ. ಬಣ್ಣ ಒಣಗಿ ಮೂರು ದಿನವಾಯಿತು, ಗೋಡೆಗೆ ಒರಗಿ ನಿಂತಿದೆ. ಅದನ್ನು ಮೇಲೇರಿಸಲು ಇಬ್ಬರು ಬೇಕು. ನೀನು ಹತ್ತು, ಏಣಿ ನಾನು ಹಿಡಿಯುತ್ತೇನೆ.