ಲಿಪಿಕಾರ ಬೇಡಿದ ಕ್ಷಮೆ

ಅಕ್ಕನಿಗೆ ತಂಗಿಯ ಸಲಾಮು.

ನಾನು ಸಂಶೋಧನೆಗೆ ಆರಿಸಿಕೊಂಡ ಅರಬಿ ಹಸ್ತಪ್ರತಿಯ ಕೊನೆಯ ಹಾಳೆಯನ್ನು ಇವತ್ತು ಓದಿದೆ. ಇನ್ನೂರು ವರ್ಷಗಳ ಹಿಂದೆ ಯಾರೋ ಲಿಪಿಕಾರ ನಕಲು ಮಾಡಿದ ಕುರ್‌ಆನ್ ವ್ಯಾಖ್ಯಾನ ಅದು. ಮೊದಲೆಲ್ಲ ಮುತ್ತು ಪೋಣಿಸಿದಂಥ ಅಕ್ಷರ. ಕೊನೆಯ ಇಪ್ಪತ್ತು ಹಾಳೆಗಳಲ್ಲಿ ಮಾತ್ರ ಸಾಲುಗಳು ಓರೆ, ಒಂದೇ ಪದ ಎರಡೆರಡು ಸಲ. ‘ಬೇಜವಾಬ್ದಾರಿ ಮನುಷ್ಯ’ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಕೊನೆಯ ಹಾಳೆಗೆ ಅಂಟಿಸಿದ್ದ ತೇಪೆಯನ್ನು ಗ್ರಂಥಾಲಯದ ದುರಸ್ತಿ ಕೆಲಸದಾಕೆ ಮೆಲ್ಲಗೆ ಬಿಡಿಸಿದಾಗ ಅಡಿಯಲ್ಲಿ ಅವನದೇ ಬರಹ ಸಿಕ್ಕಿತು: “ಓದುವವರೇ, ತಪ್ಪುಗಳನ್ನು ಮನ್ನಿಸಿ. ಇದನ್ನು ಬರೆಯುತ್ತಿರುವಾಗ ನನ್ನ ಮಗಳು ತೀರಿಕೊಂಡಳು.”

ಅರ್ಥ ಹೇಳಿದೆ. ಆಕೆ, “ಅಯ್ಯೋ ಪಾಪ, ಆದ್ರೂ ಪೂರ್ತಿ ಬರೆದು ಮುಗಿಸಿದಾನಲ್ಲ” ಎಂದಳು. ಟಿಪ್ಪಣಿಯಲ್ಲಿ ಬರೆದಿದ್ದ ಆ ಎರಡು ಪದಗಳನ್ನು ನಾನು ಹೊಡೆದುಹಾಕಿದೆ.

ನಿನ್ನ ಮಗಳು ಹೋದ ಮೇಲೂ ನೀನು ಶಾಲೆಯ ತರಗತಿಯಲ್ಲಿ ಹಾಜರಿ ಕರೆಯುವಾಗ ಅವಳ ಹೆಸರನ್ನು ಕೂಗಿಬಿಡುತ್ತೀಯ ಎಂದು ಅಮ್ಮ ಹೇಳಿದ್ದಳು. ಆಗ ನಾನು ಫೋನಿನಲ್ಲಿ, “ಎಷ್ಟು ದಿನ ಅಂತ ಹೀಗಿರ್ತೀಯ, ಸ್ವಲ್ಪ ಗಟ್ಟಿಯಾಗು” ಎಂದು ನಿನ್ನನ್ನೇ ಗದರಿಸಿದೆ. ತಪ್ಪಾಯಿತು ಅಕ್ಕಾ. ಮಣ್ಣಿಗೂ ಬರಲಿಲ್ಲ, ಮೇಲಿಂದ ಬುದ್ಧಿ ಬೇರೆ ಹೇಳಿದೆ.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ತಿಳಿಸು. ರಜೆ ಮಂಜೂರಾಗಿದೆ, ಹದಿನೈದನೇ ತಾರೀಕು ಬರುತ್ತೇನೆ. ಕಾರ್ಡಿನಲ್ಲಿ ಜಾಗವಿಲ್ಲ, ಇಷ್ಟು ಮಾತ್ರ ಕೇಳು: ಯಾರು ಏನೇ ಅಂದರೂ ಮಗುವಿನ ಬಟ್ಟೆಗಳನ್ನು ಕೊಟ್ಟುಬಿಡಬೇಡ. ನಾನು ಬಂದ ಮೇಲೆ ಇಬ್ಬರೂ ಕೂತು ಮಡಿಸೋಣ.

ನಿನ್ನ ತಂಗಿ