ಭಾಗ್ಯಶ್ರೀಯ ಪಾದದ ಬಣ್ಣ

ಇಸವಿ ೨೧೯೪, ಮರುಬೇಸಿಗೆಯ ಎರಡನೆಯ ತಿಂಗಳು
ನೆರಳುಬೀದಿ, ಹಿರಿಯೂರು

ನಮ್ಮ ಭಾಗ್ಯಶ್ರೀಯ ಮದುವೆ ವಿಡಿಯೋ ಎಡಿಟಿಂಗ್ ಮಾಡಿದ ತಮ್ಮನಿಗೆ,

ವಿಡಿಯೋದ ಕೊನೆಯಲ್ಲಿ ಸ್ಟುಡಿಯೋದ ಫೋನ್ ನಂಬರ್ ಮಾತ್ರ ಇದೆ. ನಿನ್ನ ಹೆಸರಿದ್ದಿದ್ದರೆ ಹೆಸರು ಹಿಡಿದೇ ಬೈಯುತ್ತಿದ್ದೆ. ನಾನು ಮಾರಕ್ಕ, ಆ ಮದುಮಗಳ ವಂಶದವಳು, ಐದು ತಲೆಮಾರು ಕೆಳಗಿನವಳು. ಶಾಲೆಯನ್ನು ಬೇಗ ಬಿಟ್ಟೆ. ನನ್ನ ಮಾತು ನಿನಗೆ ವಿಚಿತ್ರವಾಗಿ ಕಂಡರೆ ಸಹಿಸಿಕೋ. ಮರುಬೇಸಿಗೆ ಎಂದರೆ ನಿಮ್ಮ ಮಳೆಗಾಲ ಇದ್ದ ಜಾಗದಲ್ಲಿ ನಮಗೆ ಬರುವ ಎರಡನೆಯ ಬೇಸಿಗೆ. ಬೀದಿಗೆಲ್ಲ ಬಟ್ಟೆ ಹೊದಿಸಿ ಅದರ ಕೆಳಗೆ ಬದುಕುತ್ತೇವೆ. ಬಿಸಿಲಿಳಿದ ಮೇಲೆ ಒಲೆ ಹಚ್ಚುತ್ತೇವೆ, ನೀರಿನ ಸರದಿಗೆ ಜಗಳವಾಡುತ್ತೇವೆ. ಅದೇನೂ ಬದಲಾಗಿಲ್ಲ.

ಹಳೆಯ ಮನೆ, ಜಮೀನು ಎಲ್ಲ ಹೋದ ಮೇಲೆ ನಮಗೆ ಉಳಿದದ್ದು ನಿಮ್ಮ ಕಾಲದ ಮದುವೆ ವಿಡಿಯೋಗಳು. ಅವನ್ನು ಇಟ್ಟಿರುವ ಜಾಗಕ್ಕೆ ಮುಖಮನೆ ಎನ್ನುತ್ತೇವೆ. ಹತ್ತು ತುಂಬಿದ ಮಗುವನ್ನು ಅಲ್ಲಿ ಕೂರಿಸಿದರೆ, ಅದರ ಮುಖಕ್ಕೆ ಹೊಂದುವ ಹಿರಿಯರನ್ನು ಯಂತ್ರ ಹುಡುಕಿ ಕೊಡುತ್ತದೆ. ಆ ಹಿರಿಯರ ಹೆಸರೇ ಮಗುವಿಗೆ. ಹೆಸರು ಸಿಕ್ಕ ಮೇಲೆಯೇ ದೊಡ್ಡವರ ಪಂಕ್ತಿಯಲ್ಲಿ ಊಟ. ಅಲ್ಲಿಯವರೆಗೆ ಕೂಸುಗಳ ಜೊತೆ ಮೂಲೆಯಲ್ಲಿ.

ನನ್ನ ಮೊಮ್ಮಗಳು ಪುಟ್ಟಿಗೆ ಈಗ ಹನ್ನೆರಡು. ಹುಣಸೆಬೀಜದ ಹಾಗೆ ಮಿರಿಮಿರಿ ಮಿನುಗುವ ಬಣ್ಣ. ಕೂರಿಸಿದಾಗಲೆಲ್ಲ ಯಂತ್ರ ಇಲ್ಲ ಎಂದಿತು. ಹೋದ ಹಬ್ಬದಲ್ಲಿ ಪಕ್ಕದ ಮನೆಯ ಹುಡುಗಿ, "ನೀನು ನಮ್ಮೋಳಲ್ಲ ಕಣೆ, ಯಾರೋ ಬಿಟ್ಟೋದ ಕೂಸು" ಎಂದಳು. ಪುಟ್ಟಿ ಎಲೆ ಬಿಟ್ಟು ಎದ್ದಳು. ಪುಟ್ಟಿ ಹುಟ್ಟಿದಾಗ ಅವಳ ತಾಯಿಯ ಹೆರಿಗೆ ಮಾಡಿಸಿದ್ದು ನಾನೇ. ಯಂತ್ರಕ್ಕೆ ಅದನ್ನು ಹೇಳುವುದು ಹೇಗೆ?

ಮುಖಮನೆಯ ಯಂತ್ರ ನೋಡಿಕೊಳ್ಳುವ ಪಾಲಯ್ಯನನ್ನು ಹಿಡಿದು ನಮ್ಮ ವಂಶದ ಆ ವಿಡಿಯೋ ಹಾಕಿಸಿದೆ. ಭಾಗ್ಯಶ್ರೀಯ ಮುಖ ಅಕ್ಕಿಹಿಟ್ಟು ಮೆತ್ತಿದ ಹಾಗಿತ್ತು. ಮೂಗೆಲ್ಲಿ, ಕೆನ್ನೆಯೆಲ್ಲಿ ಎಂದು ತಿಳಿಯದು. ಬೆಳಕು ಇಳಿಸೋ ಎಂದೆ. ಇಳಿಸಿದ. ಹಿಟ್ಟು ಬೂದಿಯಾಯಿತು.

"ಬ್ರೈಟ್‌ನೆಸ್ ಏರಿಸಿದಾಗಲೇ ಅಲ್ಲಿದ್ದದ್ದು ಸುಟ್ಟೋಗೈತೆ ಅಜ್ಜಿ. ಅಡಿಯಾಗೆ ಏನೂ ಇಲ್ಲ. ಎಲ್ಲಿಂದ ತರ್ಲಿ?"

"ನಿನ್ನ ತಲೆಯಾಗೂ ಏನೂ ಇಲ್ಲ" ಎಂದು ಬೈದೆ. ಪಾಪ, ಅವನ ತಪ್ಪೇನು.

ಮುಂದೆ ಕಾಲುಂಗುರ ತೊಡಿಸುವ ಶಾಸ್ತ್ರ ಬಂತು. ಕ್ಯಾಮೆರಾ ಕೆಳಗಿಳಿಯಿತು. ನೀನು ಮುಖಕ್ಕೆ ಮಾತ್ರ ಬಿಳುಪು ಬಳಿದು ಪಾದವನ್ನು ಮರೆತಿದ್ದೀಯೆ ತಮ್ಮಾ. ಅದೇ ಹುಣಸೆಬೀಜದ ಬಣ್ಣ. ಹೆಬ್ಬೆರಳನ್ನು ಮೀರಿದ ಎರಡನೆಯ ಬೆರಳು. ಪುಟ್ಟಿ ತನ್ನ ಕಾಲನ್ನು ಪರದೆಯ ಪಕ್ಕ ಇಟ್ಟು ನಿಂತಳು. ಯಾವುದು ಯಾರದೆಂದು ನಾನೇ ತಡವರಿಸಿದೆ. ನೋಡೋ ಎಂದೆ.

"ಕಾಣ್ತೈತಜ್ಜಿ. ಆದ್ರೆ ಯಂತ್ರ ಮುಖ ಕೇಳ್ತೈತೆ."

ಮಾರನೆಯ ವಾರ ಪುಟ್ಟಿ ನನಗೆ ಹೇಳದೆ ಪಾಲಯ್ಯನ ಹತ್ತಿರ ಹೋಗಿದ್ದಾಳೆ. "ಮಾವ, ನನ್ನ ಮುಖಾನೂ ಹಂಗೇ ಬೆಳ್ಳಗೆ ಮಾಡು" ಎಂದು ಕೇಳಿದ್ದಾಳೆ. ಅವನು ಅವಳ ಪಟ ತೆಗೆದು, ಬೆಳ್ಳಗೆ ಮಾಡಿ ಯಂತ್ರಕ್ಕೆ ಕೊಟ್ಟಿದ್ದಾನೆ. ಯಂತ್ರ ತಕ್ಷಣ ಒಪ್ಪಿದೆ.

ಈಗ ಅವಳು ಭಾಗ್ಯಶ್ರೀ. ದೊಡ್ಡವರ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದಳು. ಬಡಿಸಿದವಳು ನಾನೇ. ಮುಖಮನೆಯ ಗೋಡೆಯ ಮೇಲೆ ಅವಳದೆಂದು ಒಂದು ಬಿಳಿಯ ಪಟ ತೂಗುತ್ತಿದೆ. ಬಾಯಿ ಬಿಟ್ಟರೆ ಮಗು ಮತ್ತೆ ಮೂಲೆಗೆ ಹೋಗುತ್ತದೆ. ಊರನ್ನೆಲ್ಲ ಬೈಯುವ ನಾನು ಸುಮ್ಮನಿದ್ದೇನೆ. ನಾಳೆ ಅವಳ ಮೊಮ್ಮಗಳು ಯಾವ ಮುಖ ಹುಡುಕಿಕೊಂಡು ಬರುತ್ತಾಳೋ.

ದುಡ್ಡು ಕೊಡುವವರು ಕೇಳಿದರೆ ಬಿಳುಪು ಏರಿಸಿ ಕೊಡು, ನಿನ್ನ ಹೊಟ್ಟೆಪಾಡು. ಆದರೆ ಕ್ಯಾಮೆರಾದಿಂದ ಬಂದದ್ದನ್ನು ಅಳಿಸಬೇಡಪ್ಪ. ಹಾಗೆಯೇ ಒಂದು ಕಡೆ ಇಡು.

ಈ ಕಾಗದ ಹಿಂದಕ್ಕೆ ಹೋಗಿ ನಿನ್ನ ಕಾಲದಲ್ಲಿ ನಿನ್ನನ್ನು ಮುಟ್ಟಿದ್ದರೆ ಮದುಮಗಳು ಭಾಗ್ಯಶ್ರೀಯ ಮುಖ ಇಷ್ಟು ಹೊತ್ತಿಗೆ ಇಲ್ಲಿ ಕಪ್ಪಾಗಿರಬೇಕಿತ್ತು. ಬರೆಯಲು ಕೂತಾಗಿನಿಂದ ದಿನಾ ಮುಖಮನೆಗೆ ಹೋಗಿ ನೋಡಿ ಬರುತ್ತೇನೆ. ಇವತ್ತೂ ಬಿಳಿ.

ಮಾರಕ್ಕ