ಶಾಲೆಗೆ ಕೊಟ್ಟ ನೆಲ

ಗೌರಿಬಿದನೂರು
ಭಾನುವಾರ

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಮ್. ಫೋನಿನಲ್ಲಿ ಹೇಳಿದರೆ ನೀವು ಮಧ್ಯದಲ್ಲೇ ಇಟ್ಟುಬಿಡುತ್ತೀರಿ. ಅದಕ್ಕೇ ಇದನ್ನು ಬರೆದು, ಶಿಡ್ಲಘಟ್ಟಕ್ಕೆ ಹೊರಟಿರುವ ನಮ್ಮ ಜೀಪಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಇಲ್ಲಿನ ಹಳ್ಳಿಯೊಂದರಲ್ಲಿ ಹೊಸ ಶಾಲೆ ಕಟ್ಟಲು ವೆಂಕಟರಾಮಪ್ಪ ಎಂಬವರು ತಾಯಿಯ ಹೆಸರಿನಲ್ಲಿ ಜಾಗ ಕೊಟ್ಟಿದ್ದಾರೆ. ಅಡಿಪಾಯ ಹಾಕುವ ಮೊದಲು ನೆಲ ಪರೀಕ್ಷಿಸುವುದು ನನ್ನ ಕೆಲಸ. ಸುತ್ತಿಗೆಯಿಂದ ನೆಲಕ್ಕೆ ಹೊಡೆದರೆ ಕಂಪನ ಹರಿಯುತ್ತದೆ. ಸಾಲಾಗಿ ನೆಟ್ಟ ಸೆನ್ಸರ್‌ಗಳು ಅದನ್ನು ಹಿಡಿದು ಲ್ಯಾಪ್‌ಟಾಪಿಗೆ ಕಳಿಸುತ್ತವೆ. ಬಂಡೆಯಲ್ಲಿ ಕಂಪನ ಓಡುತ್ತದೆ, ಸಡಿಲ ಮಣ್ಣಿನಲ್ಲಿ ತೆವಳುತ್ತದೆ. ಜಾಗದ ನಟ್ಟನಡುವೆ ಅದು ತೆವಳಿತು. ಮತ್ತೆ ಹೊಡೆಸಿ, ಮರದಡಿಯಲ್ಲೇ ಕೂತು ಲೆಕ್ಕ ಹಾಕಿದೆ. ಅದೇ ಉತ್ತರ ಬಂತು.

“ಇಲ್ಲಿ ಕಟ್ಟೋದು ಬೇಡ ಯಜಮಾನರೇ” ಎಂದೆ.

“ನಮ್ಮ ತಾತನ ಕಾಲದಿಂದ ಇದು ಬಂಡೆನೇ ಕಣಮ್ಮ. ನಿನ್ ಕಂಪ್ಯೂಟರ್‌ಗೇನ್ ಗೊತ್ತು?” ಎಂದು ವೆಂಕಟರಾಮಪ್ಪ ರೇಗಿದರು.

“ಅಗೆಸಿ ನೋಡಿ” ಎಂದೆ.

ಜೆಸಿಬಿ ತರಿಸಿದರು. ಯಾವ ಕಾಲದಲ್ಲೋ ಮುಚ್ಚಿದ ಬಾವಿ ಸಿಕ್ಕಿತು, ಒಳಗೆಲ್ಲ ಸಡಿಲ ಮಣ್ಣು. ವೆಂಕಟರಾಮಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಪುಡಿಮಾಡಿ ನೋಡಿದರು. ಆಮೇಲೆ, “ಮಕ್ಳು ಕೂತ್ಕೊಳ್ಳೋ ಜಾಗ. ನಡಿಯಮ್ಮ, ರಸ್ತೆ ಪಕ್ಕದ ಹೊಲ ಕೊಡ್ತೀನಿ, ಅದನ್ನೂ ನೋಡು” ಎಂದರು.

ಆ ಹೊಲದ ಪರೀಕ್ಷೆ ಶುಕ್ರವಾರವೇ ಇದೆ, ಆದ್ದರಿಂದ ಹೆಣ್ಣು ನೋಡುವುದಕ್ಕೆಂದು ಅವತ್ತು ಮನೆಗೆ ಬರಲಾಗುವುದಿಲ್ಲ. ಹುಡುಗನ ಕಡೆಯವರು ನನ್ನನ್ನು ನೋಡಲೇಬೇಕೆಂದಿದ್ದರೆ ಇಲ್ಲಿಗೇ ಕರೆದುಕೊಂಡು ಬನ್ನಿ. ಕೆಲಸ ಬಿಡಬೇಕೆಂಬ ಷರತ್ತಿದ್ದರೆ ಅವರು ಬರುವುದು ಬೇಡ.

ನೀವಂತೂ ಬನ್ನಿ ಅಬ್ಬಾ. ನಾನು ಕೆಲಸ ಮಾಡುವುದನ್ನು ನೀವು ಒಮ್ಮೆಯೂ ನೋಡಿಲ್ಲ. ಬಿಸಿಲೇರುವ ಮೊದಲಿನ ಬಸ್ಸಿಗೆ ಹೊರಡಿ, ನಿಲ್ದಾಣಕ್ಕೆ ನಾನೇ ಬಂದಿರುತ್ತೇನೆ.

ನಿಮ್ಮ ಮಗಳು,
ಸಾಬ್ರೀನ್